ಬಡ್ಡಿ ದರ ಏರಿದಾಗ ಕ್ರೆಡಿಟ್ ಕಾರ್ಡ್ ಸಾಲವನ್ನು ಹಿಡಿತಕ್ಕೆ ತರುವುದು ಹೇಗೆ?

ಕಾರ್ಡ್‌ನಲ್ಲಿ 1 ಲಕ್ಷ ಬಾಕಿ ಉಳಿದಿದೆ, ತಿಂಗಳಿಗೆ 4,000 ಕಟ್ಟುತ್ತಿದ್ದೀರಿ, ಹೊಸದಾಗಿ ಏನನ್ನೂ ಕೊಳ್ಳುತ್ತಿಲ್ಲ ಎಂದಿಟ್ಟುಕೊಳ್ಳಿ. ವಾರ್ಷಿಕ ಬಡ್ಡಿ ಶೇ 18 ಇದ್ದರೆ 32 ತಿಂಗಳಲ್ಲಿ ಸಾಲ ತೀರುತ್ತದೆ. ಬಡ್ಡಿಗೆಂದು ಹೋಗುವುದು ಸುಮಾರು 26,000. ದರ ಶೇ 24 ಆದರೆ 35 ತಿಂಗಳು, ಬಡ್ಡಿ 40,000. ಶೇ 36ಕ್ಕೆ 47 ತಿಂಗಳು, ಬಡ್ಡಿ 87,600. ಶೇ 42ಕ್ಕೆ 61 ತಿಂಗಳು, ಬಡ್ಡಿಯೇ 1.42 ಲಕ್ಷ. ಶೇ 48 ಮುಟ್ಟಿತೆಂದರೆ ತಿಂಗಳ ಬಡ್ಡಿಯೇ 4,000. ಆಮೇಲೆ ಎಷ್ಟು ವರ್ಷ ಕಟ್ಟಿದರೂ ಅಸಲು ಕದಲುವುದಿಲ್ಲ.

ಶೇ 18ರಿಂದ 24ಕ್ಕೆ ಏರಿದಾಗ ಹೆಚ್ಚಿದ್ದು ಮೂರೇ ತಿಂಗಳು. ಶೇ 36ರಿಂದ 42ಕ್ಕೆ, ಅಂದರೆ ಅಷ್ಟೇ ಏರಿಕೆಗೆ, 14 ತಿಂಗಳು ಹೆಚ್ಚಿತು. ಕಟ್ಟುವ ಮೊತ್ತ ಬಡ್ಡಿಯ ಮೊತ್ತಕ್ಕೆ ಹತ್ತಿರವಾದಷ್ಟೂ ಪ್ರತಿ ಏರಿಕೆಯ ಪೆಟ್ಟು ಜೋರಾಗಿ ಬೀಳುತ್ತದೆ. ಹಾಗಾಗಿ ದರ ಏರಿತೆಂದು ಸಂದೇಶ ಬಂದ ದಿನ ಮೊದಲು ಒಂದು ಲೆಕ್ಕ ಹಾಕಿ: ಕಳೆದ ತಿಂಗಳು ಕಟ್ಟಿದ ಹಣದಲ್ಲಿ ಬಡ್ಡಿಗೆ ಹೋದದ್ದೆಷ್ಟು, ಅಸಲಿಗೆ ಸೇರಿದ್ದೆಷ್ಟು? ಅಸಲಿಗೆ ಅರ್ಧಕ್ಕಿಂತ ಹೆಚ್ಚು ಸೇರುತ್ತಿದ್ದರೆ ಕಟ್ಟುವ ಮೊತ್ತವನ್ನು ತುಸು ಏರಿಸಿದರೆ ಸಾಕಾಗಬಹುದು. ಕಾಲು ಭಾಗಕ್ಕಿಂತ ಕಡಿಮೆ ಸೇರುತ್ತಿದ್ದರೆ ಸಾಲವನ್ನು ಬೇರೆ ದರಕ್ಕೆ ಸಾಗಿಸದೆ ದಾರಿಯಿಲ್ಲ.

ತುಸು ಅಂದರೆ ಎಷ್ಟು? ಮೇಲಿನ ಉದಾಹರಣೆಯಲ್ಲಿ ದರ ಶೇ 18ರಿಂದ 24ಕ್ಕೆ ಏರಿದರೂ ಹಳೆಯ ಅವಧಿಯಲ್ಲೇ ಸಾಲ ಮುಗಿಯಬೇಕೆಂದರೆ ತಿಂಗಳಿಗೆ 4,000 ಬದಲು ಸುಮಾರು 4,300 ಕಟ್ಟಬೇಕು. ಬರೀ 300 ಹೆಚ್ಚು. ದರ ಏರಿದ ಮೊದಲ ತಿಂಗಳಿನಿಂದಲೇ ಇದನ್ನು ಮಾಡಿದವರಿಗೆ ಏರಿಕೆಯ ಬಿಸಿ ಹೆಚ್ಚು ತಟ್ಟುವುದಿಲ್ಲ. ಸರಳವಾದ ಅಂದಾಜು ಬೇಕಿದ್ದರೆ, ವಾರ್ಷಿಕ ದರ ಶೇಕಡಾ 1 ಅಂಶದಷ್ಟು (ಶೇ 18 ಇದ್ದದ್ದು ಶೇ 19ಕ್ಕೆ) ಏರಿದರೆ ಪ್ರತಿ 1 ಲಕ್ಷಕ್ಕೆ ವರ್ಷಕ್ಕೆ 1,000, ತಿಂಗಳಿಗೆ ಸುಮಾರು 83 ಹೆಚ್ಚುವರಿ ಬಡ್ಡಿ.

ದರ ಏರಿದ್ದು ಯಾವ ಕಾರಣಕ್ಕೆ?

ಕಾರಣ ತಿಳಿದರೆ ಮಾತ್ರ ಯಾವ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ. ದರ ನಾಲ್ಕು ಬಗೆಯಲ್ಲಿ ಏರುತ್ತದೆ.

ಮೊದಲನೆಯದು, ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದಾಗ ತಾನಾಗಿ ಏರುವ ದರ. ಅಮೆರಿಕದ ಬಹುಪಾಲು ಕಾರ್ಡ್‌ಗಳು ಹೀಗೆಯೇ. ಅಲ್ಲಿನ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ 11 ಬಾರಿ ದರ ಏರಿಸಿ, ಸೊನ್ನೆಯ ಹತ್ತಿರವಿದ್ದುದನ್ನು ಶೇ 5.25–5.50ಕ್ಕೆ ತಂದಿತು. ಬಾಕಿ ಉಳಿಸಿಕೊಂಡವರ ಕಾರ್ಡ್ ಬಡ್ಡಿ ಸರಾಸರಿ ಶೇ 16ರ ಆಸುಪಾಸಿನಿಂದ ಶೇ 22 ದಾಟಿತು. ಇಂಥ ಏರಿಕೆ ಹಳೆಯ ಬಾಕಿಗೂ ಅನ್ವಯಿಸುತ್ತದೆ. ಇದಕ್ಕೆ ಪ್ರತ್ಯೇಕ ನೋಟಿಸ್ ಕೂಡ ಬರಬೇಕಾಗಿಲ್ಲ, ಏಕೆಂದರೆ ಕರಾರಿನಲ್ಲೇ ಅದು ಬರೆದಿರುತ್ತದೆ.

ಎರಡನೆಯದು, ಬ್ಯಾಂಕ್ ತಾನೇ ತೀರ್ಮಾನಿಸಿ ಏರಿಸುವುದು. ಭಾರತದಲ್ಲಿ ಕಾರ್ಡ್ ದರ ಸಾಮಾನ್ಯವಾಗಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಸಾಲ ಕೊಡುವ ದರ) ಜೋಡಣೆಯಾಗಿರುವುದಿಲ್ಲ. ತಿಂಗಳಿಗೆ ಶೇ 3ರಿಂದ 3.75ರ ನಡುವೆ ಬ್ಯಾಂಕೇ ನಿಗದಿ ಮಾಡುತ್ತದೆ. ವಾರ್ಷಿಕ ಶೇ 30ಕ್ಕಿಂತ ಹೆಚ್ಚು ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಹಾಗೆಂದು ಹೇಳದೆ ಕೇಳದೆ ಏರಿಸುವಂತಿಲ್ಲ. ಶುಲ್ಕಗಳನ್ನು ಬದಲಿಸುವುದಾದರೆ ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಆ ಇಮೇಲ್ ಓದದೆ ಅಳಿಸುವವರೇ ಹೆಚ್ಚು. ಅಮೆರಿಕದಲ್ಲಿ ಈ ಬಗೆಯ ಏರಿಕೆಗೆ 45 ದಿನಗಳ ನೋಟಿಸ್ ಬೇಕು, ಮತ್ತು ಅದು ಸಾಮಾನ್ಯವಾಗಿ ಹೊಸ ಖರೀದಿಗಷ್ಟೇ ತಾಗುತ್ತದೆ.

ಮೂರನೆಯದು ದಂಡದ ದರ: ಕಂತು ತಪ್ಪಿಸಿದ್ದಕ್ಕೆ ಏರಿದ್ದು. ನಾಲ್ಕನೆಯದು, ಆರಂಭದ ರಿಯಾಯಿತಿ ಅವಧಿ ಮುಗಿದು ನಿಜವಾದ ದರ ಶುರುವಾಗುವುದು. ಮಾತುಕತೆಗೆ ಹೆಚ್ಚು ಎಡೆಯಿರುವುದು ದಂಡದ ದರದಲ್ಲಿ. ಅಮೆರಿಕದಲ್ಲಂತೂ 60 ದಿನ ತಡವಾಗಿ ದಂಡದ ದರ ಬಿದ್ದವರು ಮುಂದಿನ ಆರು ಕಂತುಗಳನ್ನು ಸಮಯಕ್ಕೆ ಕಟ್ಟಿದರೆ ಹಳೆಯ ಬಾಕಿಗೆ ಹಳೆಯ ದರವನ್ನೇ ಮರಳಿ ಕೊಡಬೇಕೆಂಬ ಕಾನೂನಿದೆ. ಬೇರೆಡೆ ಕಾನೂನು ಇಲ್ಲದಿದ್ದರೂ, ಸತತವಾಗಿ ಸಮಯಕ್ಕೆ ಕಟ್ಟಿದ ದಾಖಲೆ ಕೈಯಲ್ಲಿಟ್ಟುಕೊಂಡು ಕೇಳಿದರೆ ಇಳಿಸುವ ಸಾಧ್ಯತೆಯಿದೆ.

ಬಡ್ಡಿ ದಿನಕ್ಕೊಮ್ಮೆ ಬೆಳೆಯುತ್ತದೆ

ಬಿಲ್ ತಿಂಗಳಿಗೊಮ್ಮೆ ಬಂದರೂ ಬಡ್ಡಿಯ ಲೆಕ್ಕ ದಿನದ್ದು. ವಾರ್ಷಿಕ ದರವನ್ನು 365ರಿಂದ ಭಾಗಿಸಿದರೆ ದಿನದ ದರ ಸಿಗುತ್ತದೆ. ಶೇ 36 ಅಂದರೆ ದಿನಕ್ಕೆ ಶೇ 0.0986, 1 ಲಕ್ಷ ಬಾಕಿಗೆ ದಿನಕ್ಕೆ ಸುಮಾರು 99. ಇದರಿಂದ ಸಿಗುವ ಲಾಭವೊಂದಿದೆ. ಹೇಗೂ ಕಟ್ಟಲಿರುವ 20,000ವನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳದೆ 20 ದಿನ ಮೊದಲೇ ಕಟ್ಟಿದರೆ ಸುಮಾರು 394 ಬಡ್ಡಿ ಉಳಿಯುತ್ತದೆ. ಸಂಬಳ ಬಂದ ದಿನವೇ ಕಟ್ಟುವುದು ಇದಕ್ಕಾಗಿಯೇ ಒಳ್ಳೆಯದು.

ಇಲ್ಲಿ ಹಲವರು ಎಡವುವುದುಂಟು. ಬಿಲ್ ತಯಾರಾಗುವ ಮೊದಲೇ ಕಟ್ಟಿದ ಹಣ ಬಾಕಿಯನ್ನು ಇಳಿಸುತ್ತದೆ ನಿಜ, ಆದರೆ ಮುಂದೆ ಬರುವ ಬಿಲ್‌ನ ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಲೆಕ್ಕಕ್ಕೆ ಅದು ಸಾಮಾನ್ಯವಾಗಿ ಸೇರುವುದಿಲ್ಲ. ಬಿಲ್ ಬಂದ ಮೇಲೆ, ಡ್ಯೂ ಡೇಟ್‌ನೊಳಗೆ, ಮಿನಿಮಮ್ ಮೊತ್ತ ಮತ್ತೆ ಸಂದಾಯವಾಗಬೇಕು. ಇಲ್ಲದಿದ್ದರೆ ಹಿಂದಿನ ವಾರ ಹತ್ತು ಸಾವಿರ ಕಟ್ಟಿದವರಿಗೂ ಲೇಟ್ ಫೀ ಬೀಳುತ್ತದೆ. ಬೇಗ ಕಟ್ಟುವುದಾದರೆ ಎರಡು ಭಾಗ ಮಾಡಿ: ದೊಡ್ಡ ಪಾಲು ಸಂಬಳದ ದಿನ, ಮಿನಿಮಮ್‌ನಷ್ಟು ಬಿಲ್ ಬಂದ ಮಾರನೆಯ ದಿನ.

ಇದಕ್ಕಿಂತ ದುಬಾರಿ ತಪ್ಪು ಬಡ್ಡಿರಹಿತ ಅವಧಿಯ, ಅಂದರೆ ಕೊಂಡ ದಿನದಿಂದ ಡ್ಯೂ ಡೇಟ್‌ವರೆಗೆ ಬಡ್ಡಿ ಬೀಳದ ದಿನಗಳ ಬಗ್ಗೆ. ಆ ಸವಲತ್ತು ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ. ಬಾಕಿ ಉಳಿಸಿಕೊಂಡ ಕಾರ್ಡ್‌ನಲ್ಲಿ ಇವತ್ತು ಕೊಂಡ ದಿನಸಿಗೂ ಇವತ್ತಿನಿಂದಲೇ ಬಡ್ಡಿ. 1 ಲಕ್ಷದ ಬಿಲ್‌ಗೆ 95,000 ಕಟ್ಟಿ, 5,000ಕ್ಕೆ ಮಾತ್ರ ಬಡ್ಡಿ ಬರುತ್ತದೆಂದು ನಂಬುವವರಿದ್ದಾರೆ. ಹಲವು ಬ್ಯಾಂಕ್‌ಗಳ ಲೆಕ್ಕದಲ್ಲಿ, ಕೊಂಡ ದಿನದಿಂದ ಹಣ ಕಟ್ಟಿದ ದಿನದವರೆಗೆ ಇಡೀ 1 ಲಕ್ಷಕ್ಕೂ ಆಮೇಲೆ ಉಳಿದ 5,000ಕ್ಕೂ ಬಡ್ಡಿ ಬೀಳುತ್ತದೆ. ಆದ್ದರಿಂದ ಬಾಕಿ ಇರುವ ಕಾರ್ಡ್‌ನ ಬಳಕೆಯನ್ನು ಪೂರ್ತಿ ನಿಲ್ಲಿಸಬೇಕು. ಕಾರ್ಡ್ ಡ್ರಾಯರ್‌ನಲ್ಲಿಟ್ಟರೆ ಸಾಲದು. ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರ ತೆಗೆಯಿರಿ, ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಚಂದಾಗಳನ್ನು ಡೆಬಿಟ್ ಕಾರ್ಡ್‌ಗೆ ಬದಲಿಸಿ ಅಥವಾ ನಿಲ್ಲಿಸಿ, ಬ್ಯಾಂಕ್ ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆಯನ್ನು ಬಂದ್ ಮಾಡಿ. ದಿನದ ಖರ್ಚಿಗೆ ಕಾರ್ಡ್ ಬೇಕೇ ಬೇಕೆನ್ನುವುದಾದರೆ ಬಾಕಿಯೇ ಇಲ್ಲದ ಇನ್ನೊಂದು ಕಾರ್ಡ್ ಬಳಸಿ, ಅದರ ಬಿಲ್ಲನ್ನು ಪೂರ್ತಿ ಕಟ್ಟಿ.

ಕಾರ್ಡ್‌ನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ತೆಗೆದ ಕ್ಷಣದಿಂದ ಬಡ್ಡಿ, ಮೇಲೆ ಪ್ರತ್ಯೇಕ ಶುಲ್ಕ.

ಒಂದು ಹಾಳೆಯ ಲೆಕ್ಕ

ಎಲ್ಲ ಕಾರ್ಡ್‌ಗಳ ಕೊನೆಯ ಬಿಲ್ ಎದುರಿಗಿಟ್ಟುಕೊಂಡು ಪ್ರತಿಯೊಂದಕ್ಕೂ ಇಷ್ಟನ್ನು ಬರೆಯಿರಿ: ಒಟ್ಟು ಬಾಕಿ, ವಾರ್ಷಿಕ ದರ, ಕಳೆದ ತಿಂಗಳ ಬಡ್ಡಿ, ಮಿನಿಮಮ್ ಡ್ಯೂ, ಬಿಲ್ ದಿನ, ಡ್ಯೂ ಡೇಟ್. ದರ ತಿಂಗಳ ಲೆಕ್ಕದಲ್ಲಿ ಕೊಟ್ಟಿದ್ದರೆ 12ರಿಂದ ಗುಣಿಸಿ. ತಿಂಗಳಿಗೆ ಶೇ 3.5 ಎಂಬುದು ಸಣ್ಣದಾಗಿ ಕಾಣುತ್ತದೆ, ವರ್ಷಕ್ಕೆ ಅದು ಶೇ 42. ಬಡ್ಡಿಯ ಮೇಲೆ ತೆರಿಗೆ ಇದ್ದರೆ ಅದನ್ನೂ ಕೂಡಿಸಿ. ಭಾರತದಲ್ಲಿ ಕಾರ್ಡ್ ಬಡ್ಡಿಗೆ ಶೇ 18 ಜಿಎಸ್‌ಟಿ ಇರುವುದರಿಂದ ತಿಂಗಳ ಶೇ 3.5 ನಿಜಕ್ಕೂ ಶೇ 4.13 ಆಗುತ್ತದೆ. ಮೊದಲ ಉದಾಹರಣೆಯ 1 ಲಕ್ಷಕ್ಕೆ ಬಡ್ಡಿ ಮತ್ತು ತೆರಿಗೆ ಸೇರಿ ತಿಂಗಳಿಗೆ 4,130. 4,000 ಕಟ್ಟಿದರೆ ಅಸಲಿಗೆ ಏನೂ ಉಳಿಯಲಿಲ್ಲ ಎಂದಾಯಿತು.

ಒಂದೇ ಕಾರ್ಡ್‌ನೊಳಗೆ ಎರಡು ಮೂರು ದರಗಳಿರಬಹುದು: ಖರೀದಿಗೆ ಒಂದು, ನಗದಿಗೆ ಒಂದು, ಇನ್ನೊಂದು ಕಾರ್ಡ್‌ನಿಂದ ವರ್ಗಾಯಿಸಿದ ಬಾಕಿಗೆ ಮತ್ತೊಂದು. ಕಟ್ಟಿದ ಹಣ ಯಾವುದಕ್ಕೆ ಮೊದಲು ಜಮೆಯಾಗುತ್ತದೆ ಎಂಬುದು ಕರಾರಿನಲ್ಲಿದೆ. ಬ್ರಿಟನ್‌ನಲ್ಲಿ ಹೆಚ್ಚಿನ ದರದ ಬಾಕಿಗೇ ಮೊದಲು ಹೋಗಬೇಕು. ಅಮೆರಿಕದಲ್ಲಿ ಮಿನಿಮಮ್‌ಗಿಂತ ಮೇಲಿನ ಹಣಕ್ಕೆ ಆ ನಿಯಮವಿದೆ. ಅಂದರೆ ಅಲ್ಲಿ ಮಿನಿಮಮ್ ಮಾತ್ರ ಕಟ್ಟುವವರ ಹಣ ಕಡಿಮೆ ಬಡ್ಡಿಯ ಬಾಕಿಗೇ ಹೋಗಿ, ದುಬಾರಿ ಬಾಕಿ ಹಾಗೇ ಉಳಿಯಬಹುದು.

ಮಿನಿಮಮ್ ಡ್ಯೂ ನೋಡಿ ಕಟ್ಟಬೇಡಿ

ಇಡೀ ವಿಷಯದಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯವಿದ್ದರೆ ಅದು ಇದಾಗಲಿ: ಕಟ್ಟುವ ಮೊತ್ತವನ್ನು ನೀವೇ ನಿಗದಿ ಮಾಡಿ, ಬಾಕಿ ಇಳಿದರೂ ಅದನ್ನು ಇಳಿಸಬೇಡಿ.

ಮಿನಿಮಮ್ ಡ್ಯೂ ಬಾಕಿಯ ಇಂತಿಷ್ಟು ಶೇಕಡಾ ಎಂದಿರುವಾಗ, ಬಾಕಿ ಇಳಿದಂತೆ ಅದೂ ಇಳಿಯುತ್ತದೆ. 1 ಲಕ್ಷ ಬಾಕಿ, ತಿಂಗಳಿಗೆ ಶೇ 3 ಬಡ್ಡಿ, ಮಿನಿಮಮ್ ಶೇ 5 ಎಂದುಕೊಳ್ಳಿ. ಮೊದಲ ತಿಂಗಳು ಬಡ್ಡಿ ಸೇರಿ 1,03,000 ಆಗುತ್ತದೆ, ಮಿನಿಮಮ್ 5,150. ಪ್ರತಿ ತಿಂಗಳೂ ಬಿಲ್‌ನಲ್ಲಿ ಬಂದ ಮಿನಿಮಮ್‌ನಷ್ಟೇ ಕಟ್ಟುತ್ತಾ ಹೋದರೆ ಮೂರು ವರ್ಷದಲ್ಲಿ ಕಟ್ಟಿದ್ದು ಸುಮಾರು 1.30 ಲಕ್ಷ, ಆಗಲೂ ಉಳಿದಿರುವ ಬಾಕಿ 45,700. ಅದರ ಬದಲು, ಮೊದಲ ತಿಂಗಳು ಕಟ್ಟಿದ ಅದೇ 5,150ನ್ನು ಬದಲಿಸದೆ ಪ್ರತಿ ತಿಂಗಳೂ ಕಟ್ಟಿದರೆ 30 ತಿಂಗಳಲ್ಲಿ ಸಾಲವೇ ಮುಗಿಯುತ್ತದೆ. ಮೊದಲ ತಿಂಗಳು ಕೊಡಲು ಸಾಧ್ಯವಾದದ್ದಕ್ಕಿಂತ ಒಂದು ಬಿಡಿಗಾಸನ್ನೂ ಹೆಚ್ಚು ಕೇಳದ ಉಪಾಯ ಇದು.

ಹೆಚ್ಚು ಕೊಡಲು ಆದರಂತೂ ಫಲ ದೊಡ್ಡದು. ಶೇ 36ರ ದರದಲ್ಲಿ 1 ಲಕ್ಷಕ್ಕೆ ತಿಂಗಳಿಗೆ 4,000 ಕಟ್ಟಿದರೆ 47 ತಿಂಗಳು; 5,000 ಕಟ್ಟಿದರೆ 31 ತಿಂಗಳು. ಬಡ್ಡಿ 87,600ರಿಂದ 55,000ಕ್ಕೆ ಇಳಿಯುತ್ತದೆ.

ಈ ಮೊತ್ತವನ್ನು ಬ್ಯಾಂಕ್‌ನಲ್ಲಿ ಸ್ಥಾಯಿ ಸೂಚನೆಯಾಗಿ (ಪ್ರತಿ ತಿಂಗಳು ತಾನಾಗಿ ಹಣ ಹೋಗುವಂತೆ) ಹಾಕಿಬಿಡಿ, ದಿನಾಂಕ ಸಂಬಳದ ಮರುದಿನವಿರಲಿ. ಕಾರ್ಡ್ ಆ್ಯಪ್‌ನ ಆಟೋಪೇ ಸಾಮಾನ್ಯವಾಗಿ ‘ಮಿನಿಮಮ್’ ಅಥವಾ ‘ಪೂರ್ತಿ’ ಎಂಬ ಎರಡೇ ಆಯ್ಕೆ ಕೊಡುತ್ತದೆ. ಆಗ ಲೇಟ್ ಫೀ ತಪ್ಪಿಸಲೆಂದು ಆಟೋಪೇಯನ್ನು ಮಿನಿಮಮ್‌ಗೆ ಇಟ್ಟು, ಉಳಿದದ್ದನ್ನು ಬೇರೆಯಾಗಿ ಕಳಿಸಿ. ‘ಪೂರ್ತಿ’ ಎಂದಿಟ್ಟು ಖಾತೆಯಲ್ಲಿ ಹಣವಿಲ್ಲದೆ ಹೋದರೆ ಉಳಿತಾಯ ಖಾತೆಗೂ ಕಾರ್ಡ್‌ಗೂ ದಂಡ ತೆರಬೇಕಾಗುತ್ತದೆ.

ಯಾವ ಕಾರ್ಡ್ ಮೊದಲು?

ಎಲ್ಲ ಕಾರ್ಡ್‌ಗಳಿಗೂ ಮಿನಿಮಮ್ ಕಟ್ಟಿ, ಕೈಯಲ್ಲಿ ಉಳಿದ ಹಣವನ್ನೆಲ್ಲ ಅತಿ ಹೆಚ್ಚು ದರದ ಕಾರ್ಡ್‌ಗೆ ಹಾಕಿ. ಅದು ಮುಗಿದ ಮೇಲೆ ಆ ಕಾರ್ಡ್‌ಗೆ ಹೋಗುತ್ತಿದ್ದ ಪೂರ್ತಿ ಮೊತ್ತ ಮುಂದಿನದಕ್ಕೆ ಸೇರಲಿ. ಬಾಕಿಯ ಗಾತ್ರ ನೋಡಿ ದೊಡ್ಡ ಸಾಲದಿಂದ ಶುರು ಮಾಡುವುದು ತಪ್ಪು. 80,000 ಬಾಕಿ ಶೇ 24ರಲ್ಲಿದ್ದು 30,000 ಬಾಕಿ ಶೇ 42ರಲ್ಲಿದ್ದರೆ, ಚಿಕ್ಕದಾದರೂ 30,000ದ್ದೇ ಮೊದಲು.

ಇದಕ್ಕೆ ಒಂದು ವಿನಾಯಿತಿ ಒಪ್ಪಬಹುದು. ಎರಡೇ ತಿಂಗಳಲ್ಲಿ ಮುಗಿಸಬಲ್ಲ ಪುಟ್ಟ ಬಾಕಿ, ಉದಾಹರಣೆಗೆ ಶೇ 36ರಲ್ಲಿ 9,000 ಇದ್ದರೆ, ಶೇ 42ರ ದೊಡ್ಡ ಬಾಕಿಯನ್ನು ಎರಡು ತಿಂಗಳು ಬದಿಗಿಟ್ಟು ಇದನ್ನು ಮುಗಿಸಿಬಿಡಿ. ಹಾಗೆ ಮಾಡಿದ್ದಕ್ಕೆ ಹೆಚ್ಚುವರಿ ಬಡ್ಡಿ, ದೊಡ್ಡ ಬಾಕಿ ತೀರುವವರೆಗೆ, ತಿಂಗಳಿಗೆ ಹೆಚ್ಚೆಂದರೆ ಸುಮಾರು 45. ನೆನಪಿಡಬೇಕಾದ ಡ್ಯೂ ಡೇಟ್ ಒಂದು ಕಡಿಮೆಯಾಗುತ್ತದೆ, ಲೇಟ್ ಫೀಯ ಅಪಾಯವೂ ಇಳಿಯುತ್ತದೆ, ಮನಸ್ಸಿಗೂ ಒಂದಿಷ್ಟು ಉಸಿರು.

ಉಳಿತಾಯದ ಹಣ ಇಟ್ಟುಕೊಂಡೇ ಕಾರ್ಡ್ ಸಾಲ ಹೊತ್ತಿರುವವರು ಬಹಳ. ಠೇವಣಿಗೆ ಸಿಗುವುದು ಶೇ 7, ಕಾರ್ಡ್‌ಗೆ ಕೊಡುವುದು ಶೇ 36 ಎಂದಾದರೆ ಪ್ರತಿ 1 ಲಕ್ಷಕ್ಕೆ ವರ್ಷಕ್ಕೆ 29,000 ಸೋರಿಹೋಗುತ್ತಿದೆ. ಒಂದು ತಿಂಗಳ ಊಟ, ಬಾಡಿಗೆ, ಔಷಧಿಯ ಹಣ ಇಟ್ಟುಕೊಂಡು ಉಳಿದದ್ದನ್ನು ಮುರಿದು ಸಾಲಕ್ಕೆ ಹಾಕಿ. ಅವಧಿಗೆ ಮೊದಲೇ ಮುರಿದದ್ದಕ್ಕೆ ಬೀಳುವ ದಂಡ ಈ ಅಂತರದ ಮುಂದೆ ಏನೂ ಅಲ್ಲ. ಪೂರ್ತಿ ಬರಿದು ಮಾಡಬೇಡಿ ಎನ್ನುವುದಕ್ಕೂ ಕಾರಣವಿದೆ: ಮುಂದಿನ ತಿಂಗಳು ಆಸ್ಪತ್ರೆ ಖರ್ಚು ಬಂದರೆ ಮತ್ತೆ ಅದೇ ಕಾರ್ಡ್ ಉಜ್ಜಬೇಕಾಗುತ್ತದೆ.

ಸಾಲವನ್ನು ಕಡಿಮೆ ದರಕ್ಕೆ ಸಾಗಿಸುವುದು

ಮೊದಲು ಮಾಡಬೇಕಾದದ್ದು ಬ್ಯಾಂಕ್‌ಗೆ ಒಂದು ಫೋನ್. ಖರ್ಚಿಲ್ಲದ ಕೆಲಸ, ಆದರೂ ಬಹುತೇಕರು ಕೇಳುವುದೇ ಇಲ್ಲ. ‘ನನ್ನ ದರ ಇಷ್ಟಿತ್ತು, ಈಗ ಇಷ್ಟಾಗಿದೆ. ಇಷ್ಟು ವರ್ಷದಿಂದ ಕಂತು ತಪ್ಪಿಸಿಲ್ಲ. ದರ ಇಳಿಸುವ ಅಥವಾ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಹಾಕುವ ಆಯ್ಕೆ ಏನಿದೆ?’ ಎಂದು ನೇರವಾಗಿ ಕೇಳಿ. ಫೋನ್ ಎತ್ತಿದವರಿಗೆ ಅಧಿಕಾರವಿಲ್ಲದಿದ್ದರೆ ಮೇಲಿನವರಿಗೆ ಕೊಡಲು ಹೇಳಿ. ಒಪ್ಪಿದ್ದು ಏನೇ ಇರಲಿ, ಇಮೇಲ್‌ನಲ್ಲಿ ಬರಲಿ.

ಬಾಕಿಯನ್ನು ಇಎಂಐ ಮಾಡಿಕೊಡುತ್ತೇವೆಂದು ಬ್ಯಾಂಕ್ ಹೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ: ದರ ಫ್ಲಾಟ್ ಲೆಕ್ಕದ್ದೋ, ಇಳಿಯುವ ಬಾಕಿಯ ಮೇಲಿನದೋ? 1 ಲಕ್ಷಕ್ಕೆ ಶೇ 15 ಫ್ಲಾಟ್, 24 ತಿಂಗಳು ಅಂದರೆ ಬಡ್ಡಿ 30,000, ಕಂತು ಸುಮಾರು 5,417. ಅಸಲು ಪ್ರತಿ ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ 1 ಲಕ್ಷದ ಮೇಲೆಯೇ ನಿಂತಿರುತ್ತದೆ. ಹಾಗಾಗಿ ನಿಜವಾದ ದರ ಶೇ 26ಕ್ಕಿಂತ ಹೆಚ್ಚು. ಶೇ 42ರ ಕಾರ್ಡ್‌ಗೆ ಹೋಲಿಸಿದರೆ ಆಗಲೂ ಲಾಭವೇ. ಶೇ 24ರ ಕಾರ್ಡ್ ಇದ್ದವರಿಗೆ ಮಾತ್ರ ನಷ್ಟ. ಪ್ರೊಸೆಸಿಂಗ್ ಶುಲ್ಕ, ಅವಧಿಗೆ ಮೊದಲೇ ತೀರಿಸಿದರೆ ಬೀಳುವ ದಂಡ, ಇವೆರಡನ್ನೂ ಕೇಳಿ ಬರೆದುಕೊಳ್ಳಿ.

ಬ್ಯಾಲೆನ್ಸ್ ಟ್ರಾನ್ಸ್‌ಫರ್ ಇನ್ನೊಂದು ದಾರಿ: ಬಾಕಿಯನ್ನು ಬೇರೆ ಬ್ಯಾಂಕ್‌ನ ಕಾರ್ಡ್‌ಗೆ, ಕೆಲವು ತಿಂಗಳು ಬಡ್ಡಿಯಿಲ್ಲದೆ ಅಥವಾ ಕಡಿಮೆ ಬಡ್ಡಿಗೆ ಸಾಗಿಸುವುದು. ಶುಲ್ಕ ಶೇ 3 ಎಂದಿಟ್ಟುಕೊಂಡರೆ, ಶೇ 36ರ ಕಾರ್ಡ್‌ನಲ್ಲಿ ಒಂದೇ ತಿಂಗಳ ಬಡ್ಡಿಗೆ ಅದು ಸಮ; ಎರಡನೆಯ ತಿಂಗಳಿನಿಂದ ಉಳಿತಾಯ. 60,000 ಸಾಗಿಸಿದರೆ ಶುಲ್ಕ ಸೇರಿ 61,800, ರಿಯಾಯಿತಿ 12 ತಿಂಗಳಿದ್ದರೆ ತಿಂಗಳಿಗೆ 5,150 ಕಟ್ಟಬೇಕು. ನಿಮ್ಮಿಂದ 3,000 ಮಾತ್ರ ಸಾಧ್ಯವಾದರೆ ವರ್ಷದ ಕೊನೆಗೆ 25,800 ಉಳಿದು ಅದರ ಮೇಲೆ ಹೊಸ ಕಾರ್ಡ್‌ನ ಪೂರ್ತಿ ದರ ಶುರುವಾಗುತ್ತದೆ. ಸಾಗಿಸುವ ಮೊದಲೇ ಆ ದರ ಎಷ್ಟೆಂದು ನೋಡಿಕೊಳ್ಳಿ. ಟ್ರಾನ್ಸ್‌ಫರ್ ಮಾಡಿದ ಕಾರ್ಡ್‌ನಲ್ಲಿ ಖರೀದಿ ಮಾಡಬೇಡಿ, ಕಂತು ಒಮ್ಮೆಯೂ ತಪ್ಪಿಸಬೇಡಿ. ಒಂದು ಕಂತು ತಪ್ಪಿದರೆ ರಿಯಾಯಿತಿಯೇ ರದ್ದಾಗುವ ಕರಾರುಗಳಿವೆ. ಹಣ ಹಳೆಯ ಕಾರ್ಡ್‌ಗೆ ಜಮೆಯಾಗುವವರೆಗೆ ಅಲ್ಲಿಯ ಮಿನಿಮಮ್ ಕಟ್ಟುತ್ತಲೇ ಇರಬೇಕು.

ಪರ್ಸನಲ್ ಲೋನ್ ಪಡೆದು ಕಾರ್ಡ್ ತೀರಿಸುವುದು ಗಣಿತದ ಮಟ್ಟಿಗೆ ತುಂಬ ಒಳ್ಳೆಯದು. ಇಳಿಯುವ ಬಾಕಿಯ ಮೇಲೆ ಶೇ 15ರಂತೆ 1 ಲಕ್ಷಕ್ಕೆ 36 ತಿಂಗಳ ಕಂತು ಸುಮಾರು 3,467; ಒಟ್ಟು ಬಡ್ಡಿ 25,000ದ ಆಸುಪಾಸು. ಇದು ಕೆಡುವುದು ಒಂದೇ ಕಾರಣಕ್ಕೆ. ಖಾಲಿಯಾದ ಕಾರ್ಡ್ ಆರು ತಿಂಗಳಲ್ಲಿ ಮತ್ತೆ ತುಂಬುತ್ತದೆ, ಆಗ ಎರಡೆರಡು ಸಾಲ. ಲೋನ್ ಹಣ ಕಾರ್ಡ್‌ಗೆ ಜಮೆಯಾದ ದಿನವೇ ಕಾರ್ಡ್‌ನ ಲಿಮಿಟ್ ಇಳಿಸಲು ಬರೆದುಕೊಡಿ. ಲಿಮಿಟ್ ಇಳಿದರೆ ಕ್ರೆಡಿಟ್ ಸ್ಕೋರ್ (ಸಾಲ ತೀರಿಸುವ ನಿಮ್ಮ ದಾಖಲೆಗೆ ಸಿಗುವ ಅಂಕ) ಸ್ವಲ್ಪ ತಗ್ಗಬಹುದು, ಅದಕ್ಕೆ ಅಂಜಬೇಡಿ. ಲೋನ್‌ಗೆ ಅರ್ಜಿ ಹಾಕುವುದಿದ್ದರೆ ಕಂತು ತಪ್ಪುವ ಮೊದಲೇ ಹಾಕಿ. ದರಗಳು ಏರುವ ಕಾಲದಲ್ಲಿ ಬ್ಯಾಂಕ್‌ಗಳು ಸಾಲ ಕೊಡುವುದನ್ನು ಬಿಗಿ ಮಾಡುತ್ತವೆ, ಕಂತು ತಪ್ಪಿದ ದಾಖಲೆಯಿದ್ದವರಿಗೆ ಆಮೇಲೆ ಬಾಗಿಲು ತೆರೆಯುವುದು ಕಷ್ಟ. ವಾರದಲ್ಲಿ ಐದಾರು ಕಡೆ ಅರ್ಜಿ ಹಾಕುವುದೂ ಸ್ಕೋರ್‌ಗೆ ಕೆಟ್ಟದ್ದು.

ಚಿನ್ನ ಅಥವಾ ಮನೆ ಅಡವಿಟ್ಟರೆ ದರ ಇನ್ನೂ ಕಡಿಮೆ. ಆದರೆ ಕಾರ್ಡ್ ಸಾಲಕ್ಕೆ ಅಡಮಾನವಿಲ್ಲ. ಅದನ್ನು ಅಡಮಾನದ ಸಾಲವಾಗಿ ಬದಲಿಸಿದ ಮೇಲೆ ಕಂತು ತಪ್ಪಿದರೆ ಹೋಗುವುದು ಚಿನ್ನ ಅಥವಾ ಮನೆ. ಆದಾಯ ಖಚಿತವಿದ್ದು ಒಂದು ವರ್ಷದೊಳಗೆ ಬಿಡಿಸಿಕೊಳ್ಳುವ ಲೆಕ್ಕ ಕೈಯಲ್ಲಿದ್ದರೆ ಚಿನ್ನದ ಸಾಲ ಸರಿ. ಕಾರ್ಡ್ ಸಾಲಕ್ಕಾಗಿ ಮನೆಯನ್ನು ಅಡವಿಡುವುದನ್ನು ನಾವು ಸಲಹೆ ಮಾಡುವುದಿಲ್ಲ. ಠೇವಣಿ ಮುರಿಯಲು ಮನಸ್ಸಿಲ್ಲದವರು ಅದರ ಮೇಲೆಯೇ ಸಾಲ ಪಡೆಯಬಹುದು. ಅದರ ದರ ಠೇವಣಿಯ ಬಡ್ಡಿಗಿಂತ ಸ್ವಲ್ಪವೇ ಹೆಚ್ಚಿರುತ್ತದೆ.

ಒಂದು ಕಾರ್ಡ್‌ನ ನಗದಿನಿಂದ ಇನ್ನೊಂದನ್ನು ಕಟ್ಟುವುದು, ಐದು ನಿಮಿಷದಲ್ಲಿ ಸಾಲ ಎನ್ನುವ ಅನಾಮಧೇಯ ಆ್ಯಪ್‌ಗಳಿಗೆ ಫೋನ್‌ನ ಸಂಪರ್ಕಪಟ್ಟಿ ಒಪ್ಪಿಸುವುದು, ಇವೆರಡೂ ಸಾಲವನ್ನು ಕೈಮೀರಿಸುವ ದಾರಿಗಳು.

ಮಿನಿಮಮ್ ಕೂಡ ಕಟ್ಟಲಾಗದಿದ್ದರೆ

ಮೊದಲು ಊಟ, ಬಾಡಿಗೆ, ವಿದ್ಯುತ್, ಔಷಧಿ, ಮಕ್ಕಳ ಶುಲ್ಕ. ಆಮೇಲೆ ಅಡಮಾನವಿರುವ ಸಾಲಗಳ ಕಂತು. ಕಾರ್ಡ್ ಅದಾದ ಮೇಲೆ. ಕಾರ್ಡ್‌ನವರ ಫೋನ್ ಕರೆ ಎಲ್ಲರಿಗಿಂತ ಜೋರಾಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಈ ಸರದಿಯನ್ನು ತಿರುಗಿಸಬಾರದು.

ಕಂತು ತಪ್ಪುವುದು ಖಚಿತವೆಂದು ಗೊತ್ತಾದ ಕೂಡಲೇ, ಡ್ಯೂ ಡೇಟ್‌ಗೆ ಮೊದಲೇ, ಬ್ಯಾಂಕ್‌ಗೆ ಇಮೇಲ್ ಬರೆಯಿರಿ. ಕಾರಣ, ಈಗಿನ ಆದಾಯ, ಅನಿವಾರ್ಯ ಖರ್ಚು, ತಿಂಗಳಿಗೆ ಕೊಡಬಲ್ಲ ಮೊತ್ತ, ಎಷ್ಟು ತಿಂಗಳವರೆಗೆ ಈ ಸ್ಥಿತಿ ಎಂಬುದನ್ನು ಐದಾರು ಸಾಲಿನಲ್ಲಿ ಹೇಳಿ, ಕೆಲಸ ಹೋದ ಪತ್ರ ಅಥವಾ ಆಸ್ಪತ್ರೆ ಬಿಲ್ ಲಗತ್ತಿಸಿ. ಬಡ್ಡಿ ತಡೆಹಿಡಿಯುವುದು, ಲೇಟ್ ಫೀ ಮನ್ನಾ, ಬಾಕಿಯನ್ನು ದೀರ್ಘ ಕಂತಾಗಿ ಮಾಡುವುದು, ಇವುಗಳಲ್ಲಿ ಯಾವುದು ಬೇಕೆಂದು ಹೆಸರಿಸಿ ಕೇಳಿ. ನಿಭಾಯಿಸಲಾಗದ ಮೊತ್ತಕ್ಕೆ ಮಾತ್ರ ಒಪ್ಪಬೇಡಿ. 6,000ಕ್ಕೆ ಒಪ್ಪಿ ಎರಡನೆಯ ತಿಂಗಳೇ ಮುರಿದುಬಿದ್ದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ. 3,500 ಹೇಳಿ ತಪ್ಪದೆ ಕಟ್ಟುವುದು ಮೇಲು.

ಡ್ಯೂ ಡೇಟ್ ಒಂದೆರಡು ದಿನ ಮೀರಿದವರಿಗೆ ಭಾರತದಲ್ಲಿ ಒಂದು ರಕ್ಷಣೆಯಿದೆ. ಡ್ಯೂ ಡೇಟ್ ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಲೇಟ್ ಫೀ ಹಾಕಬಹುದು, ಕ್ರೆಡಿಟ್ ದಾಖಲೆಗೆ ತಡ ಎಂದು ಬರೆಯಬಹುದು. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಬೆದರಿಸುವುದು, ನೆಂಟರಿಷ್ಟರ ಮುಂದೆ ಅವಮಾನ ಮಾಡುವುದು ನಿಷಿದ್ಧ. ಹಾಗೆ ನಡೆದರೆ ಕರೆಯ ಸಮಯ, ಸಂಖ್ಯೆ, ಆಡಿದ ಮಾತು ಬರೆದಿಟ್ಟು ಬ್ಯಾಂಕ್‌ನ ದೂರು ವಿಭಾಗಕ್ಕೆ ಕಳಿಸಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಆಲಿಸುವ ಅಧಿಕಾರಿ) ಉಚಿತವಾಗಿ ದೂರು ಕೊಡಬಹುದು.

ಸೆಟಲ್‌ಮೆಂಟ್, ಅಂದರೆ ಬಾಕಿಯ ಒಂದು ಭಾಗ ಕಟ್ಟಿ ಉಳಿದದ್ದನ್ನು ಬಿಡಿಸಿಕೊಳ್ಳುವುದು, ಕೊನೆಯ ದಾರಿ. ಕ್ರೆಡಿಟ್ ದಾಖಲೆಯಲ್ಲಿ ‘ಸೆಟಲ್ಡ್’ ಎಂದು ಉಳಿದು ಮುಂದೆ ವರ್ಷಗಟ್ಟಲೆ ಸಾಲ ಸಿಗುವುದು ಕಷ್ಟವಾಗುತ್ತದೆ. ಒಪ್ಪುವುದಾದರೆ ಬ್ಯಾಂಕ್‌ನ ಲೆಟರ್‌ಹೆಡ್‌ನಲ್ಲಿ ಮೊತ್ತ, ಕೊನೆಯ ದಿನಾಂಕ, ಇಷ್ಟು ಕಟ್ಟಿದರೆ ಪೂರ್ತಿ ಚುಕ್ತಾ ಎಂಬ ಸಾಲು, ಇವು ಬಂದ ಮೇಲೆಯೇ ಹಣ ಕಳಿಸಿ. ಕಳಿಸುವುದೂ ನೇರವಾಗಿ ಕಾರ್ಡ್ ಖಾತೆಗೇ ಆಗಬೇಕು; ಏಜೆಂಟರ ಖಾತೆಗೋ ಕೈಗೋ ಕೊಡಬೇಡಿ. ‘ಸಾಲ ಅರ್ಧ ಮಾಡಿಸುತ್ತೇವೆ, ಮೊದಲು ನಮ್ಮ ಶುಲ್ಕ ಕಟ್ಟಿ, ಬ್ಯಾಂಕ್‌ಗೆ ಕಟ್ಟುವುದನ್ನು ನಿಲ್ಲಿಸಿ’ ಎನ್ನುವವರಿಂದ ದೂರವಿರಿ. ಅವರು ಶುಲ್ಕ ವಸೂಲಿ ಮಾಡುವಷ್ಟರಲ್ಲಿ ನಿಮ್ಮ ಬಾಕಿಗೆ ಹಲವು ತಿಂಗಳ ಬಡ್ಡಿ, ದಂಡ ಸೇರಿರುತ್ತದೆ.

ಕೊನೆಯ ಬಿಲ್

ಬಿಲ್‌ನಲ್ಲಿದ್ದ ಪೂರ್ತಿ ಬಾಕಿ ಕಟ್ಟಿದ ಮುಂದಿನ ತಿಂಗಳು ಇನ್ನೊಂದು ಸಣ್ಣ ಮೊತ್ತ ಬಂದರೆ ಗಾಬರಿಯಾಗಬೇಡಿ. ಬಿಲ್ ತಯಾರಾದ ದಿನದಿಂದ ನೀವು ಹಣ ಕಟ್ಟಿದ ದಿನದವರೆಗಿನ ಬಡ್ಡಿ ಅದು. ‘ಎಲ್ಲ ಮುಗಿಯಿತು’ ಎಂದು ಆ್ಯಪ್ ಅಳಿಸಿದವರು ಇದನ್ನು ಕಟ್ಟದೆ ಬಿಟ್ಟು, ಲೇಟ್ ಫೀ ಸೇರಿಸಿಕೊಂಡು ಮತ್ತೆ ಸಾಲಗಾರರಾಗುತ್ತಾರೆ. ಸತತ ಎರಡು ಬಿಲ್ ಸೊನ್ನೆ ಬರುವವರೆಗೆ ನೋಡುತ್ತಿರಿ. ಎರಡೂ ಸೊನ್ನೆ ಬಂದರೆ ಬಡ್ಡಿರಹಿತ ಅವಧಿಯೂ ಸಾಮಾನ್ಯವಾಗಿ ಮರಳಿರುತ್ತದೆ. ಕಾರ್ಡ್ ಮುಚ್ಚುವುದಾದರೆ ಬರಹದಲ್ಲಿ ಕೇಳಿ. ಬಾಕಿಯಿಲ್ಲದ ಕಾರ್ಡನ್ನು ಭಾರತದಲ್ಲಿ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ಬ್ಯಾಂಕೇ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಬಾಕಿ ಇಲ್ಲವೆಂಬ ಪತ್ರ ಪಡೆದು, ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿ ತೆರೆದು ಆ ಕಾರ್ಡ್‌ನ ಎದುರು ‘ಕ್ಲೋಸ್ಡ್’ ಎಂದಿದೆಯೇ, ಬಾಕಿ ಸೊನ್ನೆ ತೋರಿಸುತ್ತಿದೆಯೇ ಎಂದು ಪರಿಶೀಲಿಸಿ. ತಪ್ಪಿದ್ದರೆ ಅದೇ ಪತ್ರ ಲಗತ್ತಿಸಿ ಬ್ಯಾಂಕ್‌ಗೂ ವರದಿ ಕೊಡುವ ಸಂಸ್ಥೆಗೂ ಒಟ್ಟಿಗೇ ದೂರು ಹಾಕಿ.